ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ: ಪಾಲಿನ ಜಗಳ ಇಲ್ಲಿ ಬಗೆಹರಿಯುತ್ತದೆಯೇ?

ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ, ಕೋರ್ಟಿನ ಕೇಸುಗಳನ್ನು ಮಾತುಕತೆಯಿಂದ ರಾಜಿ ಮಾಡಿಸಲು ನೆರವಾಗುವ ಈ ಕೇಂದ್ರವನ್ನು ಕರ್ನಾಟಕ ಹೈಕೋರ್ಟ್ 2007ರಲ್ಲಿ ಶುರುಮಾಡಿತು. ಕೋರ್ಟೇ ಕೇಸು ಕಳಿಸಿದರೆ ಕಕ್ಷಿದಾರರು ಶುಲ್ಕ ಕೊಡಬೇಕಿಲ್ಲ. ಆದರೆ ಇಲ್ಲಿ ಸಿಗುವ ದೊಡ್ಡ ಅನುಕೂಲ ಅದಲ್ಲ, ಒಬ್ಬೊಬ್ಬರ ಜೊತೆ ಪ್ರತ್ಯೇಕವಾಗಿ ನಡೆಯುವ ಮಾತುಕತೆ.

ಮೊದಲು ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. ಅಣ್ಣತಮ್ಮಂದಿರ ಪಾಲು ದಾವೆಯಾದರೆ ಈ ಹೊತ್ತು ಹಳೇ ಪುರಾಣಕ್ಕೇ ಸರಿಹೋಗುತ್ತದೆ: ಯಾರ ಮದುವೆಗೆ ಎಷ್ಟು ಖರ್ಚಾಯಿತು, ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದವರು ಯಾರು. ವ್ಯರ್ಥವೇನಲ್ಲ, ಹೊಟ್ಟೆಯೊಳಗಿನದು ಹೊರಬರದೆ ಲೆಕ್ಕಕ್ಕೆ ಯಾರೂ ಕೂರುವುದಿಲ್ಲ.

ಆಮೇಲೆ ಮಾತುಕತೆ ನಡೆಸಿಕೊಡುವ ಮಧ್ಯಸ್ಥಿಕೆದಾರರು ಒಂದೊಂದು ಕಡೆಯವರನ್ನೇ ಒಳಗೆ ಕರೆಯುತ್ತಾರೆ. ಅಲ್ಲಿ ಹೇಳಿದ ಗುಟ್ಟನ್ನು ನಿಮ್ಮ ಒಪ್ಪಿಗೆಯಿಲ್ಲದೆ ಆಚೆ ಕಡೆಗೆ ದಾಟಿಸುವಂತಿಲ್ಲ. ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ಇಲ್ಲೂ "ರಸ್ತೆ ಬದಿಯ ಸೈಟು ನನಗೇ ಬೇಕು" ಎಂದು ಹಟ ಹಿಡಿದರೆ ಅವಕಾಶ ಕೈತಪ್ಪಿತು. ಯಾಕೆ ಬೇಕು ಎಂದು ಹೇಳಿ. ಅಂಗಡಿ ಹಾಕುವುದಕ್ಕೋ, ಮಾರಿ ಸಾಲ ತೀರಿಸುವುದಕ್ಕೋ? ಸಾಲಕ್ಕಾದರೆ ಸೈಟಿನ ಬದಲು ದುಡ್ಡೇ ಸಾಕಾಗಬಹುದು.

ಹೋಗುವ ಮುನ್ನ ಮೂರು ಅಂಕಿ ಬರೆದಿಟ್ಟುಕೊಳ್ಳಿ: ಆಸ್ತಿಯ ಇವತ್ತಿನ ಬೆಲೆ, ಕೇಸು ಎಳೆದರೆ ತಗಲುವ ಖರ್ಚು, ಇದಕ್ಕಿಂತ ಕೆಳಗೆ ಒಪ್ಪಲಾರೆ ಎನ್ನುವ ಗೆರೆ. ಕೊನೆಯದನ್ನು ಎದುರು ಪಕ್ಷದವರ ಮುಂದೆ ಬಾಯಿಬಿಡಬೇಡಿ.

ಸಹಿ ಹಾಕಬೇಕಾದವರು ಬಾರದೆ ವಕೀಲರನ್ನಷ್ಟೇ ಕಳಿಸಿದರೆ ಮಾತು ಮುಂದೆ ಹೋಗದು. ಅಕ್ಕತಂಗಿಯರನ್ನಂತೂ ಬಿಡಲೇಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅವರನ್ನು ಹೊರಗಿಟ್ಟು ಮಾಡಿಕೊಂಡ ರಾಜಿ ನಾಳೆ ಇನ್ನೊಂದು ದಾವೆಗೆ ದಾರಿ.

ಒಪ್ಪಂದದಲ್ಲಿ "ಆದಷ್ಟು ಬೇಗ ಬಿಟ್ಟುಕೊಡುವುದು" ಎಂಬಂಥ ಮಾತು ಕಂಡರೆ ಹೊಡೆದುಹಾಕಿಸಿ. ಸರ್ವೆ ನಂಬರು, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಹಣ, ತಾರೀಖು, ನೋಂದಣಿ ಖರ್ಚು ಯಾರದು, ಮಾತಿಗೆ ತಪ್ಪಿದರೆ ಏನು, ಎಲ್ಲ ಬರೆಸಿ. ಕೋರ್ಟ್ ಅದನ್ನೇ ಆಧರಿಸಿ ಡಿಕ್ರಿ (ಅಂತಿಮ ಆದೇಶ) ಮಾಡುವುದು. ಅಲ್ಲಿ ಉಳಿದ ಮಸುಕು ಅಮಲ್ಜಾರಿಯ, ಅಂದರೆ ಡಿಕ್ರಿಯನ್ನು ಜಾರಿಗೆ ತರುವ, ಹೊತ್ತಿಗೆ ಕಾಡುತ್ತದೆ.

ಮಿತಿಯೂ ಇದೆ. ಮಧ್ಯಸ್ಥಿಕೆದಾರರು ತೀರ್ಪು ಕೊಡುವವರಲ್ಲ. ಕಾಲಹರಣಕ್ಕೆಂದೇ ಬಂದು ಕೂತವರ ಎದುರು ಅವರ ಕೈ ಕಟ್ಟಿದಂತೆಯೇ. ರಾಜಿಯಾಗದಿದ್ದರೆ ಕೇಸು ಕೋರ್ಟಿಗೇ ಹಿಂದಿರುಗುತ್ತದೆ. ಯಾರು ಒಪ್ಪಲಿಲ್ಲ ಎಂಬುದನ್ನು ವರದಿಯಲ್ಲಿ ಬರೆಯುವುದಿಲ್ಲ.