ಎಂಟು ತಿಂಗಳು ಓಡಿಸಿದ ಆಕ್ಸಿಜನ್ ಟ್ಯಾಂಕರ್: ಹಿಂಭಾಗದ ವಾಲ್ವ್ ಕ್ಯಾಬಿನೆಟ್ ಬಗ್ಗೆ ಒಬ್ಬ ಡ್ರೈವರ್ ಮಾತು

ಗಾಡಿ ಹೇಗಿದೆ ಅಂತ ಕೇಳುವವರು ಮೊದಲು ಎಂಜಿನ್ ಕೇಳುತ್ತಾರೆ, ಆಮೇಲೆ ಮೈಲೇಜ್, ಆಮೇಲೆ ಟೈರ್. ಇದರ ಎಂಜಿನ್ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಲೋಡ್ ಇದ್ದರೂ ಚೆನ್ನಾಗಿ ಎಳೆಯುತ್ತದೆ, ಅಷ್ಟೇ. ನಾನು ಬರೆಯಲು ಕೂತದ್ದು ಟ್ಯಾಂಕಿನ ಹಿಂಭಾಗದಲ್ಲಿ, ಎರಡು ಬಾಗಿಲುಗಳ ಹಿಂದೆ ಇರುವ ವಾಲ್ವುಗಳ ಬಗ್ಗೆ. ನಾವು ಅದನ್ನು ಕ್ಯಾಬಿನೆಟ್ ಅನ್ನುತ್ತೇವೆ. ಲಿಕ್ವಿಡ್ ಗ್ಯಾಸ್ ಸಾಗಿಸುವ ಡ್ರೈವರ್ ಸ್ಟೀರಿಂಗ್ ಹಿಡಿದಷ್ಟೇ ಹೊತ್ತು ಆ ಬಾಗಿಲ ಮುಂದೆ ನಿಂತಿರುತ್ತಾನೆ.

ಇದಕ್ಕೆ ಮುಂಚೆ ಒಂಬತ್ತು ವರ್ಷ ನೈಟ್ರೋಜನ್ ಗಾಡಿ ಓಡಿಸಿದ್ದೇನೆ. ಈಗ ಎಂಟು ತಿಂಗಳಿಂದ ಆಕ್ಸಿಜನ್. ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಆಕ್ಸಿಜನ್ ಮೈನಸ್ 183ರಲ್ಲಿ. ಚರ್ಮಕ್ಕೆ ತಾಗಿದರೆ ಎರಡೂ ಒಂದೇ, ಸುಟ್ಟ ಹಾಗೇ ಗಾಯ. ಆದರೆ ಸ್ವಭಾವ ಬೇರೆ. ನೈಟ್ರೋಜನ್ ಸದ್ದಿಲ್ಲದೆ ಉಸಿರು ಕಟ್ಟಿಸುತ್ತದೆ. ಆಕ್ಸಿಜನ್ ತಾನು ಉರಿಯುವುದಿಲ್ಲ, ಸುತ್ತ ಇರುವುದನ್ನೆಲ್ಲ ಉರಿಸುತ್ತದೆ. ಗ್ರೀಸ್, ಡೀಸೆಲ್ ಕಲೆ, ತೊಟ್ಟ ಬಟ್ಟೆ, ಟಾರು, ಯಾವುದನ್ನೂ ಬಿಡುವುದಿಲ್ಲ.

ನಿಯಮದಲ್ಲೂ ಆ ವ್ಯತ್ಯಾಸ ಇದೆ. ಈ ಟ್ಯಾಂಕನ್ನು ಕಟ್ಟಿರುವುದು ಅಮೆರಿಕದ ಎಂಸಿ-338 ಮಾದರಿಗೆ, ಅಂದರೆ ಇಂಥ ತಣ್ಣನೆಯ ಲಿಕ್ವಿಡ್ ಗ್ಯಾಸ್ ಟ್ಯಾಂಕರ್‌ಗಳಿಗೆ ಅಲ್ಲಿ ಇರುವ ನಿಯಮಕ್ಕೆ. ಆ ನಿಯಮದಲ್ಲಿ ವಾಲ್ವುಗಳದ್ದೇ ಒಂದು ಭಾಗ ಇದೆ, 178.338-11. ಲಿಕ್ವಿಡ್ ಒಳಗೆ ಹೋಗುವ, ಹೊರಗೆ ಬರುವ ಪ್ರತಿ ಪೈಪಿಗೂ ಟ್ಯಾಂಕಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಒಂದು ಬಂದ್ ವಾಲ್ವ್ ಇರಬೇಕು. ಇದು ಎಲ್ಲರಿಗೂ. ಅದರ ಜೊತೆಗೆ ದೂರದಿಂದ ಮುಚ್ಚಬಹುದಾದ, ತಾನಾಗಿ ಮುಚ್ಚಿಕೊಳ್ಳುವ ವಾಲ್ವೂ ಬೇಕು. ಇದರಲ್ಲಿ ಆರ್ಗಾನ್, ಕಾರ್ಬನ್ ಡೈಆಕ್ಸೈಡ್, ಹೀಲಿಯಂ, ಕ್ರಿಪ್ಟಾನ್, ನಿಯಾನ್, ನೈಟ್ರೋಜನ್, ಕ್ಸೆನಾನ್ ಗಾಡಿಗಳಿಗೆ ಮಾತ್ರ ವಿನಾಯಿತಿ. ಆಕ್ಸಿಜನ್ ಹೆಸರು ಆ ಪಟ್ಟಿಯಲ್ಲಿ ಇಲ್ಲ. ನನ್ನ ಹಳೇ ಗಾಡಿಯಲ್ಲಿ ರಿಮೋಟ್ ಇರಲಿಲ್ಲ, ಇದರಲ್ಲಿ ಇದೆ. ಹಾಗಾಗಿ ನಾನು ತುಂಬಾ ಆಸೆಯಿಂದ ನೋಡಿದ್ದು ಅದನ್ನೇ. ಬೇಜಾರಾದದ್ದೂ ಅದರಿಂದಲೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಒಳ್ಳೆಯದು. ಕೈವಾಲ್ವುಗಳು ನಿಜಕ್ಕೂ ಚೆನ್ನಾಗಿವೆ. ಎಲ್ಲಕ್ಕೂ ಉದ್ದ ಕುತ್ತಿಗೆ ಇದೆ, ಅಂದರೆ ವಾಲ್ವಿನ ಬಾಡಿಗೂ ಚಕ್ರಕ್ಕೂ ನಡುವೆ ಉದ್ದನೆಯ ಕೊಳವೆ. ನೋಡುವವರಿಗೆ ಸುಮ್ನೆ ಜಾಗ ತಿನ್ನುತ್ತದೆ ಅನಿಸುತ್ತದೆ. ಆ ಕುತ್ತಿಗೆಯೊಳಗೆ ಗ್ಯಾಸ್ ನಿಂತುಕೊಂಡು ಲಿಕ್ವಿಡ್ಡನ್ನು ಮೇಲೆ ಬರಲು ಬಿಡುವುದಿಲ್ಲ. ಮೇಲಿನ ಗ್ಲ್ಯಾಂಡ್, ಅಂದರೆ ಲೀಕ್ ತಡೆಯುವ ಪ್ಯಾಕಿಂಗ್ ಇರುವ ಜಾಗ, ಬೆಚ್ಚಗೆ ಉಳಿಯುತ್ತದೆ, ಚಕ್ರದ ಜೊತೆ ತಿರುಗುವ ಸ್ಪಿಂಡಲ್ ಐಸ್ ಕಟ್ಟಿ ಹಿಡಿದುಕೊಳ್ಳುವುದಿಲ್ಲ. ಇದು ಕೆಲಸ ಮಾಡಬೇಕಾದರೆ ವಾಲ್ವ್ ನೇರವಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಮಾತ್ರ ವಾಲಿರಬೇಕು. ಹಳೇ ಗಾಡಿಯಲ್ಲಿ ಒಂದನ್ನು ಜಾಗ ಇಲ್ಲ ಅಂತ ಅಡ್ಡ ಮಲಗಿಸಿದ್ದರು. ಪ್ರತಿ ಡೆಲಿವರಿಗೂ ಅದರ ಚಕ್ರದ ಜೊತೆ ನನಗೆ ಕುಸ್ತಿ. ಹಿಡಿದುಕೊಂಡ ವಾಲ್ವಿಗೆ ಸುತ್ತಿಗೆಯಲ್ಲಿ ಹೊಡೆಯುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಬಿಸಿನೀರು ಹಾಕಿ, ಕಾಯಿರಿ. ಈ ಗಾಡಿಯಲ್ಲಿ ಎಂಟು ತಿಂಗಳಲ್ಲಿ ಒಂದು ಸಲವೂ ಬಿಸಿನೀರು ಬೇಕಾಗಿಲ್ಲ.

ಚಕ್ರಗಳ ನಡುವೆ ದಪ್ಪ ಗ್ಲೌಸ್ ಹಾಕಿದ ಕೈ ಆಡುವಷ್ಟು ಜಾಗ ಬಿಟ್ಟಿದ್ದಾರೆ. ಇದನ್ನು ಮಾಡಿದವರಲ್ಲಿ ಯಾರೋ ಒಬ್ಬರು ಗ್ಲೌಸ್ ಹಾಕಿ ನೋಡಿದ್ದಾರೆ ಅಂತ ಕಾಣುತ್ತದೆ. ಚಕ್ರಗಳಲ್ಲಿ ಸುತ್ತು ಜಾಸ್ತಿ, ತೆರೆಯಲು ಹೊತ್ತು ಹಿಡಿಯುತ್ತದೆ. ಹೊಸ ಹುಡುಗರು ಇದನ್ನು ದೂರು ಅಂತ ಹೇಳುತ್ತಾರೆ. ಆಕ್ಸಿಜನ್‌ಗೆ ಇದೇ ಸರಿ. ಫಟ್ ಅಂತ ತೆರೆದರೆ ಮುಂದಿರುವ ಗ್ಯಾಸ್ ಒಮ್ಮೆಲೇ ಒತ್ತಿಕೊಂಡು ಬಿಸಿಯಾಗುತ್ತದೆ. ಅಲ್ಲಿ ಒಂದು ಚೂರು ಎಣ್ಣೆ ಇದ್ದರೆ ಸಾಕು, ವಾಲ್ವಿನ ಸೀಟೇ ಹತ್ತಿಕೊಳ್ಳಬಹುದು.

ಸೇಫ್ಟಿ ವಾಲ್ವುಗಳಿಗೂ ಪೂರ್ತಿ ಅಂಕ. ಎರಡು ಜೊತೆ ಇವೆ. ಒಂದೊಂದು ಜೊತೆಯಲ್ಲಿ ಒಂದು ಸ್ಪ್ರಿಂಗ್ ವಾಲ್ವ್, ಒಂದು ರಪ್ಚರ್ ಡಿಸ್ಕ್, ಅಂದರೆ ಪ್ರೆಷರ್ ಮಿತಿ ಮೀರಿದರೆ ಒಡೆದು ದಾರಿ ಬಿಡುವ ತೆಳು ತಗಡು. ನಡುವೆ ಮೂರು ದಾರಿಯ ವಾಲ್ವ್. ಹಿಡಿಯನ್ನು ಎಡಕ್ಕೆ ತಿರುಗಿಸಿದರೆ ಎಡಗಡೆ ಜೊತೆ ಕೆಲಸದಲ್ಲಿ, ಬಲಕ್ಕೆ ತಿರುಗಿಸಿದರೆ ಬಲಗಡೆಯದು. ಎರಡನ್ನೂ ಒಟ್ಟಿಗೆ ಮುಚ್ಚಲು ಆಗುವುದೇ ಇಲ್ಲ. ಸೇಫ್ಟಿ ವಾಲ್ವಿನ ಕೆಳಗೆ ಸಾದಾ ಬಂದ್ ವಾಲ್ವ್ ಇದ್ದಿದ್ದರೆ ಯಾರಾದರೂ ಒಬ್ಬ ಅದನ್ನು ಮುಚ್ಚಿ ಮರೆತು ಹೋಗುತ್ತಿದ್ದ. ನಾನೇ ಮರೆಯುತ್ತಿದ್ದೆ. ಒಂದು ಲೀಟರ್ ಲಿಕ್ವಿಡ್ ಆಕ್ಸಿಜನ್ ಬಿಸಿಯಾದರೆ ಸುಮಾರು 860 ಲೀಟರ್ ಗ್ಯಾಸ್ ಆಗುತ್ತದೆ. ಟ್ಯಾಂಕಿನ ಸುತ್ತ ವ್ಯಾಕ್ಯೂಮ್ ಇರಲಿ, ಬಿಸಿ ತಡೆಯುವ ಪರ್ಲೈಟ್ ಪುಡಿ ಇರಲಿ, ಸ್ವಲ್ಪ ಬಿಸಿ ಒಳಗೆ ಹೋಗುತ್ತಲೇ ಇರುತ್ತದೆ. ಪ್ರೆಷರ್ ಏರುತ್ತಲೇ ಇರುತ್ತದೆ. ಅದಕ್ಕೊಂದು ಬಾಗಿಲು ಯಾವಾಗಲೂ ಇರಲೇಬೇಕು, ಅಲ್ವಾ?

ಮೂರನೇ ತಿಂಗಳಲ್ಲಿ ಒಂದು ಬೆಳಗ್ಗೆ ಎಡಗಡೆ ವಾಲ್ವ್ ಸಣ್ಣಗೆ ಸುಯ್ ಅನ್ನುತ್ತಿತ್ತು. ಪ್ರೆಷರ್ ಅದರ ಸೆಟ್ಟಿಂಗಿಗಿಂತ ಎಷ್ಟೋ ಕೆಳಗಿತ್ತು. ರಾತ್ರಿ ಒಮ್ಮೆ ಬಿಟ್ಟುಕೊಂಡು ಸರಿಯಾಗಿ ಕೂತಿರಲಿಲ್ಲ, ಸುತ್ತ ಬೆಳ್ಳಗೆ ಐಸ್. ಹಿಡಿಯನ್ನು ಬಲಕ್ಕೆ ತಿರುಗಿಸಿದೆ, ಸದ್ದು ನಿಂತಿತು. ಫಿಟ್ಟರ್ ಬಂದು ವಾಲ್ವ್ ಬಿಚ್ಚಿಕೊಂಡು ಹೋದ. ಟ್ಯಾಂಕ್ ಖಾಲಿ ಮಾಡಲಿಲ್ಲ, ಏನೂ ಇಲ್ಲ. ಯಾವ ಕಡೆ ಕೆಲಸದಲ್ಲಿದೆ ಅಂತ ಹಿಡಿಯ ಮೇಲೆ ಬಾಣದ ಗುರುತು ಕೊರೆದಿದ್ದಾರೆ, ಸ್ಟಿಕ್ಕರ್ ಅಲ್ಲ. ಈ ಒಂದು ಬಾಣಕ್ಕೆ ನಾನು ಅರ್ಧ ಸ್ಟಾರ್ ಜಾಸ್ತಿ ಕೊಡುತ್ತೇನೆ.

ಇನ್ನು ಸ್ಟಿಕ್ಕರ್‌ಗಳ ಕಥೆ. ಬೇರೆ ವಾಲ್ವುಗಳ ಹೆಸರೆಲ್ಲ ಪ್ಲಾಸ್ಟಿಕ್ ಸ್ಟಿಕ್ಕರ್ ಮೇಲೆ ಇತ್ತು. ಇತ್ತು ಅನ್ನುತ್ತಿದ್ದೇನೆ. ಎರಡನೇ ವಾರದಲ್ಲೇ ಐಸ್ ಕರಗುವಾಗ ಅದರ ಜೊತೆ ಒಂದೊಂದಾಗಿ ಉದುರಿದವು. ಈಗ ತಗಡಿನ ಬಿಲ್ಲೆಗಳ ಮೇಲೆ ನಂಬರ್ ಕುಟ್ಟಿ ತಂತಿಯಲ್ಲಿ ಕಟ್ಟಿದ್ದೇನೆ. ಇಂಥ ಗಾಡಿ ತಯಾರಿಸುವವರಿಗೆ ಐಸ್ ಬರುತ್ತದೆ ಅಂತ ಗೊತ್ತಿರಲಿಲ್ಲವೇ?

ಈಗ ದೂರು. ಎರಡು ಇವೆ. ಸಣ್ಣದು ಮೊದಲು.

ಎರಡು ವಾಲ್ವುಗಳ ನಡುವೆ ಲಿಕ್ವಿಡ್ ಸಿಕ್ಕಿಕೊಂಡರೆ ಪೈಪ್ ಒಡೆಯುತ್ತದೆ. ಅದಕ್ಕೇ ಅಂಥ ಪ್ರತಿ ತುಂಡು ಪೈಪಿನ ಮೇಲೂ ಒಂದು ಚಿಕ್ಕ ಸೇಫ್ಟಿ ವಾಲ್ವ್ ಇರುತ್ತದೆ. ಇದರಲ್ಲಿ ಎಲ್ಲ ಕಡೆ ಇದೆ, ಲೆಕ್ಕ ಹಾಕಿ ನೋಡಿದ್ದೇನೆ, ಒಂದೂ ಬಿಟ್ಟಿಲ್ಲ. ಆದರೆ ಡಿಸ್ಚಾರ್ಜ್ ಲೈನಿನ ಮೇಲಿರುವುದರ ಬಾಯಿ ಹೊರಗೆ ತಿರುಗಿತ್ತು, ಸರಿಯಾಗಿ ನನ್ನ ಮೊಣಕಾಲಿನ ಎತ್ತರಕ್ಕೆ. ಐದನೇ ತಿಂಗಳಲ್ಲಿ ಒಂದು ದಿನ ಅನ್‌ಲೋಡ್ ಮುಗಿಯಿತು. ನನ್ನ ಕಡೆ ವಾಲ್ವ್ ಮುಚ್ಚಿದೆ, ಆ ಕಡೆಯವರು ಅವರದ್ದು ಮುಚ್ಚಿದರು. ಹೋಸ್ ಡ್ರೈನ್ ಮಾಡುವ ಮೊದಲೇ "ಅಣ್ಣ, ಇಲ್ಲೊಂದು ಸೈನ್ ಹಾಕಿ ಹೋಗಿ" ಅಂತ ಕರೆದರು. ಹೋದೆ. ತಪ್ಪು ನನ್ನದೇ. ವಾಪಸ್ ಬಂದು ಡ್ರೈನಿಗೆ ಕೈ ಹಾಕುವಷ್ಟರಲ್ಲಿ ಟಪ್ ಅಂತ ಆ ಚಿಕ್ಕ ವಾಲ್ವ್ ಬಿಟ್ಟಿತು. ಬಿಟ್ಟದ್ದು ನನ್ನ ಕಾಲಿಗೆ. ಪ್ಯಾಂಟನ್ನು ಬೂಟಿನ ಒಳಗೆ ಸಿಕ್ಕಿಸುವ ಅಭ್ಯಾಸ ನನಗಿಲ್ಲ, ಹೊರಗೇ ಬಿಡುತ್ತೇನೆ. ಅದರಿಂದ ಬಚಾವಾದೆ, ಲಿಕ್ವಿಡ್ ಬೂಟಿನೊಳಗೆ ಇಳಿಯಲಿಲ್ಲ. ಆಮೇಲೆ ಅರ್ಧ ಗಂಟೆ ಬಯಲಲ್ಲಿ ಗಾಳಿಗೆ ನಿಂತೆ. ಆಕ್ಸಿಜನ್ ಕುಡಿದ ಬಟ್ಟೆ ಒಂದು ಕಿಡಿಗೂ ಹತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಸಿಗರೇಟ್ ಹಚ್ಚುವವನಿಗಿಂತ ದೊಡ್ಡ ಶತ್ರು ಆಗ ಯಾರೂ ಇಲ್ಲ.

ಮರುವಾರ ಫಿಟ್ಟರ್ ಅದರ ಬಾಯಿಗೆ ಒಂದು ಬಗ್ಗಿದ ಕೊಳವೆ ಹಾಕಿ, ಮನುಷ್ಯರು ನಿಲ್ಲದ ಕಡೆ ತಿರುಗಿಸಿದ. ಹತ್ತು ನಿಮಿಷದ ಕೆಲಸ. ಟ್ಯಾಂಕಿನ ದೊಡ್ಡ ಸೇಫ್ಟಿ ವಾಲ್ವುಗಳ ಪೈಪನ್ನು ಮೇಲೆ ಒಯ್ದು, ಮಳೆನೀರು ಬೀಳದ ಹಾಗೆ ಟೋಪಿ ಹಾಕಿ ಬಿಟ್ಟಿದ್ದಾರೆ. ಅಷ್ಟು ಯೋಚಿಸಿದವರಿಗೆ ಈ ಚಿಕ್ಕದು ಹೇಗೆ ಕಾಣಲಿಲ್ಲವೋ.

ಈಗ ದೊಡ್ಡದು, ರಿಮೋಟ್. ಟ್ಯಾಂಕಿನ ಹತ್ತಿರ ಇರುವ ತುರ್ತು ವಾಲ್ವ್ ಗಾಳಿಯಿಂದ ತೆರೆಯುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಟ್ಯೂಬ್ ಒಡೆದರೂ ಮುಚ್ಚುತ್ತದೆ, ಕಂಪ್ರೆಸರ್ ಕೆಟ್ಟರೂ ಮುಚ್ಚುತ್ತದೆ. ಬೆಂಕಿ ಬಿದ್ದರೆ ಕರಗುವ ತುಂಡೂ ಇದೆ, ಅದು 121 ಡಿಗ್ರಿ ದಾಟುವ ಮೊದಲೇ ಕರಗಬೇಕು ಅಂತ ನಿಯಮ. ಇಷ್ಟೆಲ್ಲ ಚೆಂದ. 3,500 ಗ್ಯಾಲನ್, ಅಂದರೆ ಸುಮಾರು 13,250 ಲೀಟರಿಗಿಂತ ದೊಡ್ಡ ಟ್ಯಾಂಕಾದರೆ ಕೈಯಿಂದ ಮುಚ್ಚುವ ಹಿಡಿ ಎರಡು ತುದಿಯಲ್ಲಿ, ಮೂಲೆಯಿಂದ ಮೂಲೆಗೆ ಎದುರುಬದುರಾಗಿ ಇರಬೇಕು. ಒಂದು ಮೂಲೆಗೆ ಹೋಗಲು ಆಗದಿದ್ದರೆ ಇನ್ನೊಂದಕ್ಕೆ ಓಡಲಿ ಅಂತ. ನಮ್ಮ ಗಾಡಿ ಅದಕ್ಕಿಂತ ದೊಡ್ಡದು, ಹಿಡಿ ಎರಡೂ ಇವೆ. ಒಂದು ಮುಂದೆ ಎಡಮೂಲೆಯಲ್ಲಿ. ಇನ್ನೊಂದು ಹಿಂದೆ ಬಲಮೂಲೆಯಲ್ಲಿ, ಕ್ಯಾಬಿನೆಟ್ ಬಾಗಿಲ ಒಳಗೆ!

ಅಳತೆಪಟ್ಟಿ ಹಿಡಿದು ಬಂದವರಿಗೆ ಇದು ಪಾಸ್. ಹಿಂದಿನ ತುದಿ ಹೌದು, ಎದುರುಬದುರು ಹೌದು. ಆದರೆ ಲೀಕ್ ಆಗುವುದು ಎಲ್ಲಿ? ಹೋಸ್ ಕೂಡುವ ಜಾಗದಲ್ಲಿ, ಅಂದರೆ ಆ ಹಿಡಿಯಿಂದ ಒಂದು ಮಾರು ದೂರದಲ್ಲಿ.

ಆಗಿದ್ದು ಆರನೇ ತಿಂಗಳಲ್ಲಿ. ಅನ್‌ಲೋಡ್ ಅರ್ಧ ಆಗಿತ್ತು. ಹೋಸ್ ಜೋಡಣೆಯ ಗ್ಯಾಸ್ಕೆಟ್ ಬಿಟ್ಟುಕೊಂಡಿತು. ಮೊದಲು ಒಂದು ಎಳೆ ಹೊಗೆ, ಮೂರು ಉಸಿರು ಎಳೆಯುವಷ್ಟರಲ್ಲಿ ಕ್ಯಾಬಿನೆಟ್ಟೇ ಕಾಣದ ಹಾಗೆ ಬಿಳೀ ಮಂಜು. ಆ ಮಂಜು ಆಕ್ಸಿಜನ್ ಅಲ್ಲ, ಗಾಳಿಯ ತೇವ ಹೆಪ್ಪುಗಟ್ಟಿದ್ದು. ಕಾಣದ ಆಕ್ಸಿಜನ್ ಅದನ್ನು ದಾಟಿ ಇನ್ನೂ ಆಚೆಗೆ ಹರಡಿರುತ್ತದೆ. ಒಳಗೆ ಕೈ ಹಾಕಿ ಹಿಡಿ ಹುಡುಕಬೇಕು ಅಂತ ಒಂದು ಕ್ಷಣ ಅನಿಸಿತು, ಸುಳ್ಳು ಹೇಳುವುದಿಲ್ಲ. ಕೈ ಮುಂದೆ ಚಾಚಿದ್ದೆ ಕೂಡ. ಆಮೇಲೆ ತಿರುಗಿ, ಗಾಳಿ ಬೀಸುವ ಕಡೆಯಿಂದ ಸುತ್ತು ಹಾಕಿ ಮುಂದಿನ ಮೂಲೆಗೆ ಹೋದೆ. ಮರುದಿನ ಹೆಜ್ಜೆ ಎಣಿಸಿದೆ, ಹತ್ತೊಂಬತ್ತು. ಎಳೆದೆ. ಹಿಂದೆ ಧಡ್ ಅಂತ ಸದ್ದು. ವಾಲ್ವ್ ಕೂತಿತು. ಪೈಪಿನಲ್ಲಿ ಉಳಿದದ್ದು ಸ್ವಲ್ಪ ಹೊತ್ತು ಸುರಿದು ನಿಂತಿತು. ಕೆಳಗೆ ಕಾಂಕ್ರೀಟ್ ಇತ್ತು, ಅದು ಪುಣ್ಯ. ಟಾರಿನ ಮೇಲೆ ಲಿಕ್ವಿಡ್ ಆಕ್ಸಿಜನ್ ಬಿದ್ದರೆ ಮೇಲೆ ಕಾಲಿಡುವುದೂ ಅಪಾಯ, ಆ ಏಟಿಗೇ ಸಿಡಿಯಬಹುದು.

ಅಂದರೆ ಆ ದಿನ ನನ್ನನ್ನು ಉಳಿಸಿದ್ದೂ ಈ ಗಾಡಿಯ ವಾಲ್ವೇ. ಅದು ನನಗೆ ಚೆನ್ನಾಗಿ ನೆನಪಿದೆ, ಹಳೇ ಗಾಡಿಯಲ್ಲಿ ಎಳೆಯಲು ಏನೂ ಇರುತ್ತಿರಲಿಲ್ಲ. ಆದರೂ ಕೇಳುತ್ತೇನೆ, ಹಿಂದಿನ ಹಿಡಿಯನ್ನು ಬಾಗಿಲ ಹೊರಗೆ, ಬಂಪರ್ ಪಕ್ಕದಲ್ಲಿ ಹಾಕಿದ್ದರೆ ಏನು ನಷ್ಟ ಆಗುತ್ತಿತ್ತು? ಒಂದು ಗಜ ಕೇಬಲ್ ಜಾಸ್ತಿ ಬೇಕಾಗುತ್ತಿತ್ತು, ಅಷ್ಟೇ. ಡೀಲರ್ ಕಡೆಯವರಿಗೆ ಫೋನ್ ಮಾಡಿದರೆ "ನಿಯಮದ ಪ್ರಕಾರವೇ ಇದೆ ಸಾರ್" ಅಂದರು. ಇದೆಯಪ್ಪ, ಇಲ್ಲ ಅಂದವರು ಯಾರು?

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಬ್ರೇಕಿನ ಲಾಕ್ ಚೆನ್ನಾಗಿದೆ. ಕ್ಯಾಬಿನೆಟ್ ಬಾಗಿಲ ಅಡ್ಡಪಟ್ಟಿ ತೆಗೆದರೆ ಬ್ರೇಕ್ ಹಿಡಿಯುತ್ತದೆ, ಹೋಸ್ ಸಿಕ್ಕಿಸಿಕೊಂಡೇ ಗಾಡಿ ಹೊರಡಲು ಆಗುವುದಿಲ್ಲ. ಇದನ್ನು ತಂತಿ ಕಟ್ಟಿ ಮೋಸ ಮಾಡುವವರು ಇದ್ದಾರೆ. ಈ ಗಾಡಿಯಲ್ಲಿ ಬ್ರೇಕ್ ಹಿಡಿಸುವ ಗುಂಡಿಯನ್ನು ಪಟ್ಟಿಯ ಹಿಂದೆ ಮುಚ್ಚಿಟ್ಟಿರುವುದರಿಂದ ತಂತಿ ಕಟ್ಟಲು ಸುಲಭ ಇಲ್ಲ. ಟ್ಯಾಂಕ್ ತುಂಬಿತು ಅಂತ ತೋರಿಸುವ ಟ್ರೈಕಾಕ್ ಕಣ್ಣಿನ ಎತ್ತರಕ್ಕಿಂತ ಕೆಳಗಿದೆ, ಉಗುಳಿದರೂ ಮುಖಕ್ಕೆ ಬರುವುದಿಲ್ಲ. ಪ್ರೆಷರ್ ಏರಿಸುವ ಕಾಯಿಲ್ ಸ್ವಲ್ಪ ಸೋಮಾರಿ, ಚಳಿಯಲ್ಲಿ ಕಾಯಬೇಕು. ಗೇಜಿನ ಗಾಜು ಬೇಗ ಮಬ್ಬಾಗುತ್ತದೆ. ಕೊಡುವ ಗ್ಯಾಸ್ಕೆಟ್‌ಗಳು ಆಕ್ಸಿಜನ್‌ಗೆ ಅಂತಲೇ ತೊಳೆದು, ಕವರಿನಲ್ಲಿ ಸೀಲ್ ಮಾಡಿ ಬರುತ್ತವೆ. ಕವರ್ ಹರಿದದ್ದನ್ನು ನಾನು ಹಾಕುವುದಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಬಾಣದ ಅರ್ಧ ಸ್ಟಾರ್ ಅದರಲ್ಲೇ ಸೇರಿದೆ. ಹಿಂದಿನ ಹಿಡಿಯನ್ನು ಹೊರಗೆ ಹಾಕಿಸಿಕೊಡಿ ಅಂತ ಮಾಲೀಕರಿಗೆ ಬರೆದು ಕೊಟ್ಟಿದ್ದೇನೆ, ತಯಾರಕರ ಒಪ್ಪಿಗೆ ಬರಬೇಕಂತೆ. ಬಂದು, ಹಿಡಿ ಹೊರಗೆ ಬಂದ ದಿನ ಇದನ್ನು ನಾಲ್ಕೂವರೆ ಮಾಡುತ್ತೇನೆ. ಅಲ್ಲಿಯವರೆಗೆ ಹೋಸ್ ಹಾಕುವ ಮುಂಚೆ ಒಂದು ಸಲ ಮುಂದಿನ ಮೂಲೆವರೆಗೆ ನಡೆದು, ಹಿಡಿ ಮುಟ್ಟಿ ಬರುತ್ತೇನೆ.