ಡಾಕ್ಯುಮೆಂಟ್ ರಿಪೋರ್ಟಾ, ಕೋರ್ಸ್ ರಿಪೋರ್ಟಾ? ಅಮೆರಿಕದಲ್ಲಿ ನನ್ನ ಬಿ.ಎಸ್ಸಿ. ಅಳೆಸಿದ್ದು

ನಮ್ಮ ಡಿಗ್ರಿ ಅಮೆರಿಕದ ಯಾವ ಓದಿಗೆ ಸಮ ಅಂತ ಅಳೆದು ರಿಪೋರ್ಟ್ ಬರೆದುಕೊಡುವ ಸಂಸ್ಥೆಗಳು ಇಲ್ಲಿವೆ. ರಿಪೋರ್ಟ್‌ನಲ್ಲಿ ಎರಡು ಬಗೆ: ಡಿಗ್ರಿಯನ್ನಷ್ಟೇ ಅಳೆಯುವ ಡಾಕ್ಯುಮೆಂಟ್-ಬೈ-ಡಾಕ್ಯುಮೆಂಟ್, ಒಂದೊಂದು ಪೇಪರನ್ನೂ ಅಳೆಯುವ ಕೋರ್ಸ್-ಬೈ-ಕೋರ್ಸ್. ಅಮೆರಿಕದಲ್ಲಿ ಮುಂದೆ ಓದುವ ಯೋಚನೆ ಇದ್ದರೆ ಕಣ್ಮುಚ್ಚಿಕೊಂಡು ಕೋರ್ಸ್-ಬೈ-ಕೋರ್ಸ್ ರಿಪೋರ್ಟ್ ಮಾಡಿಸಿ. ನಾನು ಎರಡನ್ನೂ ಮಾಡಿಸಿದ್ದೇನೆ. ಡಾಕ್ಯುಮೆಂಟ್-ಬೈ-ಡಾಕ್ಯುಮೆಂಟ್ ಅಗ್ಗ. ಆಫೀಸ್ ಕೆಲಸಕ್ಕೆ ಅರ್ಜಿ ಹಾಕುವಾಗ ಸಾಕೂ ಆಯಿತು. ಕಾಲೇಜಿನವರು ಮಾತ್ರ ಅದನ್ನು ಪಕ್ಕಕ್ಕಿಟ್ಟರು.

ಅದರಲ್ಲಿ ಇರುವುದೇ ಒಂದೆರಡು ಸಾಲು. ಪಿಯುಸಿ ಅಂದರೆ ಇಲ್ಲಿನ ಹೈಸ್ಕೂಲ್ ಡಿಪ್ಲೊಮಾ, ಅದರಲ್ಲಿ ತಕರಾರಿಲ್ಲ. ನನ್ನ ಮೂರು ವರ್ಷದ ಬಿ.ಎಸ್ಸಿ. ಮಾತ್ರ ಮೂರು ವರ್ಷದ ಕಾಲೇಜು ಓದಿಗೆ ಸಮ ಅಂತ ಬಂತು. ಇಲ್ಲಿನ ಬ್ಯಾಚುಲರ್ ಡಿಗ್ರಿ ಸಾಮಾನ್ಯವಾಗಿ ನಾಲ್ಕು ವರ್ಷ, 120 ಕ್ರೆಡಿಟ್ (ಎಷ್ಟು ಓದಿದ್ದೀರಿ ಅನ್ನುವುದರ ಅಳತೆ). ಬಿ.ಇ. ಮಾಡಿದವರಿಗೆ ಈ ತಲೆನೋವಿಲ್ಲ. ನ್ಯಾಕ್ (ನಮ್ಮಲ್ಲಿ ಕಾಲೇಜು, ಯೂನಿವರ್ಸಿಟಿಗಳ ಗುಣಮಟ್ಟ ಅಳೆಯುವ ಮಂಡಳಿ) 'ಎ' ಗ್ರೇಡ್ ಇರುವ ಕಡೆ ಓದಿದ್ದರೆ ಮೂರು ವರ್ಷದ್ದನ್ನೂ ಪೂರ್ತಿ ಬ್ಯಾಚುಲರ್ ಅಂತ ಬರೆದುಕೊಡುವ ಸಂಸ್ಥೆಗಳೂ ಇವೆ. ಆದರೆ ಹೊರದೇಶದ ಡಿಗ್ರಿಗೆ ಮುದ್ರೆ ಒತ್ತುವ ಕೇಂದ್ರ ಇಲಾಖೆ ಅಮೆರಿಕದಲ್ಲಿಲ್ಲ. ಒಪ್ಪುವುದು, ಬಿಡುವುದು ಆಯಾ ಕಾಲೇಜಿನ ಇಷ್ಟ. ದುಡ್ಡು ಕಟ್ಟುವ ಮೊದಲು ಯಾವ ಸಂಸ್ಥೆಯ ರಿಪೋರ್ಟ್ ನಡೆಯುತ್ತೆ ಅಂತ ಅವರನ್ನೇ ಕೇಳಿ. ಬಹಳ ಕಡೆ ನೇಸಸ್ (NACES, ಇಂಥ ಸಂಸ್ಥೆಗಳ ಒಕ್ಕೂಟ) ಸದಸ್ಯ ಸಂಸ್ಥೆಯದ್ದೇ ಬೇಕು ಅನ್ನುತ್ತಾರೆ.

ಕೋರ್ಸ್ ರಿಪೋರ್ಟ್‌ನಲ್ಲಿ ಒಂದೊಂದು ಪೇಪರ್‌ಗೂ ಕ್ರೆಡಿಟ್, ಗ್ರೇಡ್ ಇರುತ್ತದೆ. ಕೆಮಿಸ್ಟ್ರಿ ಪ್ರಾಕ್ಟಿಕಲ್ ಬೇರೆ ಸಾಲು. ಕನ್ನಡ ಪೇಪರ್‌ಗೂ ಕ್ರೆಡಿಟ್ ಸಿಕ್ಕಿತ್ತು! ನಮ್ಮಲ್ಲಿ 60 ಬಂದರೆ ಫಸ್ಟ್ ಕ್ಲಾಸ್, ಇಲ್ಲಿ 60 ಅಂದರೆ ಫೇಲಾಗುವ ಅಂಚು. ನನ್ನ 62ನ್ನು ಸುಮ್ನೆ ಇಲ್ಲಿನ ಜಿಪಿಎಗೆ, ಅಂದರೆ 4ಕ್ಕೆ ಇಷ್ಟು ಅನ್ನುವ ಲೆಕ್ಕಕ್ಕೆ ಇಳಿಸಿದರೆ 2.48. ರಿಪೋರ್ಟ್‌ನಲ್ಲಿ ಅದೇ ಪೇಪರ್‌ಗೆ 'ಎ'. ಜಾಸ್ತಿ ಕೊಟ್ಟ ದುಡ್ಡು ಅಲ್ಲೇ ವಸೂಲಾಯಿತು.

ಕಾಡಿದ್ದು ಲಕೋಟೆ. ಕೋರ್ಸ್ ರಿಪೋರ್ಟ್‌ಗೆ ಯೂನಿವರ್ಸಿಟಿಯ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ಪೇಪರ್‌ಗಳ ಅಂಕಗಳ ಅಧಿಕೃತ ಪಟ್ಟಿ) ಬೇಕು, ಅದೂ ಅವರೇ ಲಕೋಟೆಗೆ ಹಾಕಿ ಅಂಟಿಸಿ, ಮಡಿಕೆಯ ಮೇಲೆ ಸೀಲು, ಸಹಿ ಹಾಕಿದ್ದು. ಊರಲ್ಲಿ ನನ್ನ ತಮ್ಮ ಚಲನ್ ಕಟ್ಟಿ, ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕೊಟ್ಟು, ಕೌಂಟರ್‌ನಿಂದ ಕೌಂಟರ್‌ಗೆ ಅಲೆದ. ಕೊನೆಗೆ ಸಿಕ್ಕ ಲಕೋಟೆಗೆ ಸ್ಟೇಪ್ಲರ್ ಪಿನ್ ಹೊಡೆದಿದ್ದರು. ಸೀಲು ಮುಂಭಾಗದಲ್ಲಿ, ವಿಳಾಸದ ಪಕ್ಕ. ಇಲ್ಲಿನ ಸಂಸ್ಥೆ ತೆಗೆದುಕೊಳ್ಳಲೇ ಇಲ್ಲ.

ತಮ್ಮ ಮತ್ತೆ ಹೋದ. "ಎಲ್ಲರಿಗೂ ಹೀಗೇ ಕೊಡೋದು" ಅಂದರಂತೆ. "ಸಾರ್, ಇಲ್ಲಿ, ಈ ಮಡಿಕೆ ಮೇಲೆ" ಅಂತ ಬೆರಳಿಟ್ಟು ತೋರಿಸಿ ಸೀಲು ಒತ್ತಿಸಿಕೊಂಡು ಬಂದ. ಸಂಸ್ಥೆ ಕೊಟ್ಟ ರೆಫರೆನ್ಸ್ ನಂಬರನ್ನೂ ಲಕೋಟೆ ಮೇಲೆ ಬರೆಸಬೇಕು, ಅದು ಬೇರೆ. ನಿಮ್ಮ ಪರವಾಗಿ ಓಡಾಡುವವರಿಗೆ ಇದನ್ನೆಲ್ಲ ಮೊದಲೇ ವಾಟ್ಸಾಪ್‌ನಲ್ಲಿ ಫೋಟೊ ಸಮೇತ ಕಳಿಸಿಬಿಡಿ.

ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಶಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ಇದ್ದರೆ ಅರ್ಜಿಯಲ್ಲೇ ತಿಳಿಸಿ.

ಬರೀ ಕೆಲಸಕ್ಕೆ ಕೇಳಿದ್ದರೆ, ಮುಂದೆ ಓದುವ ಆಸೆಯೂ ಇಲ್ಲದಿದ್ದರೆ, ಅಗ್ಗದ್ದೇ ಸಾಕು. ನನಗೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಕಟ್ಟುವುದು ಅಂದರೆ ಹೊಟ್ಟೆ ಉರಿಯುತ್ತದೆ. ನನ್ನ ನಾದಿನಿ ಬಿ.ಕಾಂ., ಮುಂದಿನ ವರ್ಷ ಇಲ್ಲಿಗೆ ಬರುತ್ತಿದ್ದಾಳೆ. ಅವಳಿಗೆ ನೇರ ಕೋರ್ಸ್ ರಿಪೋರ್ಟ್‌ಗೇ ಅರ್ಜಿ ಹಾಕಿಸುತ್ತಿದ್ದೇನೆ. ಲಕೋಟೆಯ ಓಡಾಟ ಮಾತ್ರ ಈ ಸಲ ಅವಳ ಅಣ್ಣನದ್ದು.