ಪಿಎಚ್‌ಡಿ ಮುಗಿಸಿ ಫ್ಯಾಕಲ್ಟಿ ಆಗೋರಿಗೆ 10 ವಾರದ ಆನ್‌ಲೈನ್ ತರಬೇತಿ: ನನ್ನ ಅನುಭವ

ರೇಟಿಂಗ್: 5ಕ್ಕೆ 4

ಪಿಎಚ್‌ಡಿ ಕೊನೇ ವರ್ಷದಲ್ಲಿ ಈ ಪ್ರೋಗ್ರಾಂಗೆ ಸೇರ್ಕೊಂಡಿದ್ದೆ, ಆಮೇಲೆ ಎರಡು ವರ್ಷ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ್ಮೇಲೆ ಮಾಡೋ ತಾತ್ಕಾಲಿಕ ರಿಸರ್ಚ್ ಕೆಲಸ) ಮಾಡಿ ಈಗ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಎರಡು ಸೆಮಿಸ್ಟರ್ ಮುಗ್ಸಿದೀನಿ. ಇಷ್ಟು ತಡವಾಗಿ ರಿವ್ಯೂ ಬರೀತಿರೋದಕ್ಕೆ ಕಾರಣ ಇದೆ. ಕೋರ್ಸ್ ಮುಗಿದ ವಾರವೇ ಬರೆದಿದ್ರೆ ಸಿವಿ ಟೆಂಪ್ಲೇಟ್ ಚೆನ್ನಾಗಿದೆ, ವಿಡಿಯೋ ಕ್ಲಿಯರ್ ಆಗಿದೆ ಅಂತೆಲ್ಲ ಬರೆದು ಮುಗಿಸ್ತಿದ್ದೆ. ಇಂಟರ್‌ವ್ಯೂಗೆ ಹೋಗಿ, ಕೆಲಸ ಸಿಕ್ಕಿ, ಕ್ಲಾಸ್ ತಗೊಂಡ ಮೇಲೆ ಇದ್ರಲ್ಲಿ ನಿಜವಾಗ್ಲೂ ಕೈಹಿಡಿದಿದ್ದು ಯಾವ್ದು, ಯಾವ್ದು ಬರೀ ಫೈಲಲ್ಲಿ ಉಳೀತು ಅನ್ನೋದು ಗೊತ್ತಾಗಿದೆ.

ಮೊದ್ಲು ಒಳ್ಳೇದು ಹೇಳ್ತೀನಿ, ಅದು ಆರನೇ ವಾರದ ಚಾಕ್ ಟಾಕ್. ಗೊತ್ತಿಲ್ದೋರಿಗೆ: ವಿಜ್ಞಾನದ ಕಡೆ ಎಷ್ಟೋ ಕಡೆ ಫ್ಯಾಕಲ್ಟಿ ಇಂಟರ್‌ವ್ಯೂಲಿ ಸೆಮಿನಾರ್ ಒಂದೇ ಸಾಲದು, ಸ್ಲೈಡ್ ಇಲ್ದೆ ಬೋರ್ಡ್ ಮುಂದೆ ನಿಂತ್ಕೊಂಡು ಮುಂದಿನ ಐದು ವರ್ಷ ನಿಮ್ಮ ಲ್ಯಾಬ್ ಏನು ಮಾಡತ್ತೆ ಅಂತ ಹೇಳ್ಬೇಕು, ಸೆಮಿನಾರ್‌ನಲ್ಲಿ ಸುಮ್ನೆ ಕೂತು ಕೇಳಿದವ್ರೇ ಇಲ್ಲಿ ಮಧ್ಯೆ ಮಧ್ಯೆ ತಡೆದು ಪ್ರಶ್ನೆ ಹಾಕ್ತಾರೆ. ನನ್ನ ಪಿಎಚ್‌ಡಿ ವಿಷಯ ದ್ವಿದಳ ಧಾನ್ಯದ ಗಿಡಗಳ ಬೇರುಗಂಟು, ಮಣ್ಣಲ್ಲಿ ನೀರು ಕಮ್ಮಿ ಆದಾಗ ಅಲ್ಲಿ ಸಾರಜನಕ ಸ್ಥಿರೀಕರಣ (ಗಂಟಲ್ಲಿರೋ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನ ಗಿಡಕ್ಕೆ ಬಳಸೋಕೆ ಆಗೋ ಹಾಗೆ ಮಾಡೋದು) ಯಾಕೆ ಕುಸಿಯತ್ತೆ ಅನ್ನೋದು. ಮಾರ್ಕರ್ ತಗೊಂಡು ಬೇರಿನ ಚಿತ್ರ ಬಿಡಿಸಿ ಮೂರು ಗುರಿ ಬರೆದೆ. ಒಂದು, ನೀರಿನ ಕೊರತೆ ಆದಾಗ ಗಂಟಿಗೆ ಸಿಗ್ನಲ್ ಕಳಿಸೋ ಜೀನ್ ಪತ್ತೆ ಮಾಡೋದು. ಎರಡು, ಆ ಜೀನ್ ತೆಗೆದ್ರೆ ಏನಾಗತ್ತೆ ನೋಡೋದು. ಮೂರು, ಅದನ್ನ ಇಟ್ಕೊಂಡು ಬರ ತಡೆಯೋ ತಳಿ ಮಾಡೋದು. ಮೆಂಟರ್ ಆಗಿದ್ದ ಮೇಡಂ ಒಂದು ನಿಮಿಷ ಬೋರ್ಡನ್ನೇ ನೋಡಿದ್ರು, ಆಮೇಲೆ ಕೇಳಿದ್ರು: "ಆ ಜೀನ್ ಸಿಗ್ಲಿಲ್ಲ ಅಂದ್ರೆ?"

ನನ್ನ ಬಾಯಿ ಕಟ್ಟಿಹೋಯ್ತು. ಮೊದಲನೇದು ಬಿದ್ರೆ ಎರಡು, ಮೂರು ತಾನಾಗೇ ಬೀಳತ್ತೆ, ಐದು ವರ್ಷದ ಲ್ಯಾಬು ಒಂದು ಎಕ್ಸ್‌ಪರಿಮೆಂಟ್ ಮೇಲೆ ನಿಂತಿದೆ, ಇದು ಅಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರ್ಲಿಲ್ಲ. ಸುಧಾರಿಸ್ಕೊಳ್ಳೋ ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು, "ಇದು ನಿಮ್ಮ ಗೈಡ್ ಲ್ಯಾಬಲ್ಲಿ ಈಗಾಗ್ಲೇ ನಡೀತಿರೋ ಕೆಲಸ ಅಲ್ವಾ, ನೀವು ಹೊರಗೆ ಬಂದ ಮೇಲೆ ಅವ್ರ ಜೊತೆನೇ ರೇಸ್ ಓಡ್ತೀರಾ, ಇದ್ರಲ್ಲಿ ನಿಮ್ಮದು ಅನ್ನೋದು ಯಾವ್ದು?" ಗಟ್ಟಿಯಾಗೇನೂ ಕೇಳ್ಲಿಲ್ಲ, ತುಂಬಾ ಸಮಾಧಾನವಾಗೇ ಕೇಳಿದ್ರು, ಆದ್ರೂ ಆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಐದು ವರ್ಷ ಪಿಎಚ್‌ಡಿ ಮಾಡ್ದಾಗ ನನ್ನ ಹತ್ರ ಎಲ್ರೂ ಕೇಳಿದ್ದು ನೀನು ಏನು ಮಾಡಿದೀಯಾ ಅಂತ, ನೀನು ಏನು ಮಾಡ್ತೀಯಾ ಅಂತ ಕೇಳಿದ್ದು ಇದೇ ಮೊದಲು. ವೈವಾದಲ್ಲಿ ಮಾಡಿದ ಕೆಲಸ ಸಮರ್ಥಿಸ್ಕೊಂಡ್ರೆ ಸಾಕು. ಇಂಟರ್‌ವ್ಯೂಲಿ ಕೂತಿರೋರು ಮುಂದಿನ ಎಷ್ಟೋ ವರ್ಷ ಪಕ್ಕದ ರೂಮಲ್ಲಿ ಜೊತೆಗೆ ಕೆಲಸ ಮಾಡೋ ಮನುಷ್ಯನನ್ನ ಹುಡುಕ್ತಿರ್ತಾರೆ, ಈ ವ್ಯತ್ಯಾಸ ನಂಗೆ ಯಾವ ಪುಸ್ತಕದಿಂದಲೂ ತಲೆಗೆ ಹತ್ತಿರ್ಲಿಲ್ಲ, ಆ ಬೋರ್ಡ್ ಮುಂದೆ ಹತ್ತಿತು.

ಎರಡು ವಾರ ಬಿಟ್ಟು ಮತ್ತೆ ಬೋರ್ಡ್ ಹತ್ರ ಹೋದಾಗ ಪ್ಲಾನ್ ಪೂರ್ತಿ ಬದ್ಲಾಗಿತ್ತು. ಜೀನ್ ಹುಡುಕಾಟ ಒಂದು ಗುರಿಯಾಗಿ ಉಳೀತು, ಜೊತೆಗೆ ಮಣ್ಣಲ್ಲಿರೋ ರೈಜೋಬಿಯಂ, ಅಂದ್ರೆ ಬೇರುಗಂಟು ಮಾಡೋ ಬ್ಯಾಕ್ಟೀರಿಯಾದ, ಬೇರೆ ಬೇರೆ ತಳಿಗಳನ್ನ ಹೋಲಿಸೋದು ಇನ್ನೊಂದು, ಇದಕ್ಕೂ ಅದಕ್ಕೂ ಪ್ರಶ್ನೆ ಒಂದೇ ಆದ್ರೂ ಒಂದು ಕೈಕೊಟ್ರೆ ಇನ್ನೊಂದು ನಿಲ್ಲತ್ತೆ. ಬ್ಯಾಕ್ಟೀರಿಯಾ ಕಡೆ ನಮ್ಮ ಗೈಡ್ ಯಾವತ್ತೂ ಹೋದವ್ರಲ್ಲ, ಹಾಗಾಗಿ ಅದು ನನ್ನದೇ. ಈ ವಿಷ್ಯ ಅವ್ರ ಹತ್ರ ಹೋಗಿ ಬಾಯಿಬಿಟ್ಟು ಮಾತಾಡ್ಕೊಳ್ಳಿ ಅಂತ ಮೇಡಂ ಹೇಳಿದ್ರು, ಹೆದರ್ಕೊಂಡೇ ಹೋದೆ, ಗೈಡ್ ಸಂತೋಷವಾಗಿ ಒಪ್ಕೊಂಡ್ರು, ಮುಂದೆ ಯಾರು ಯಾವ್ದು ಮಾಡೋದು ಅಂತ ಮೇಲ್‌ನಲ್ಲೂ ಬರೆದಿಟ್ವಿ. ನಂಗೆ ಕೆಲಸ ಕೊಟ್ಟ ಕಮಿಟಿ ಕೇಳಿದ ಮೊದಲನೇ ಪ್ರಶ್ನೆ ಅದೇ ಆಗಿತ್ತು, ಗೈಡ್ ಕೆಲಸದಲ್ಲಿ ನಿಮ್ಮದು ಅನ್ನೋದು ಯಾವ್ದು ಅಂತ!

ಟೀಚಿಂಗ್ ಸ್ಟೇಟ್‌ಮೆಂಟ್ (ನಾನು ಹೇಗೆ ಪಾಠ ಮಾಡ್ತೀನಿ ಅಂತ ಅರ್ಜಿ ಜೊತೆ ಬರೆದು ಕೊಡೋದು) ಸೆಷನ್ ಕೂಡ ಚೆನ್ನಾಗಿತ್ತು. ವಿದ್ಯಾರ್ಥಿಗಳಲ್ಲಿ ಕುತೂಹಲ ಬೆಳೆಸ್ತೀನಿ, ಪ್ರಶ್ನೆ ಕೇಳೋ ಮನಸ್ಸು ಮೂಡಿಸ್ತೀನಿ ಅಂತ ನಾನು ಬರೆದಿದ್ದ ಮೊದಲ ಪ್ಯಾರಾ ಪೂರ್ತಿ ಹೊಡೆದು ಹಾಕಿ, ನೀವು ತಗೊಂಡ ಒಂದು ಕ್ಲಾಸ್ ಹೇಳಿ ಅಂದ್ರು. ಲ್ಯಾಬಲ್ಲಿ ಹುಡುಗರ ಕೈಗೆ ಬ್ಲೇಡ್ ಕೊಟ್ಟು ಬೇರುಗಂಟು ಅಡ್ಡಡ್ಡ ಸೀಳಿಸಿದ್ದು ನೆನಪಾಯ್ತು. ಕೆಲಸ ಮಾಡ್ತಿರೋ ಗಂಟು ಒಳಗೆ ಗುಲಾಬಿ ಬಣ್ಣ ಇರತ್ತೆ, ನಮ್ಮ ರಕ್ತದ ಹಿಮೋಗ್ಲೋಬಿನ್ ಥರದ್ದೇ ಲೆಗ್‌ಹಿಮೋಗ್ಲೋಬಿನ್ ಅನ್ನೋ ಪ್ರೋಟೀನ್‌ನಿಂದ, ಮುದಿಯಾಗಿ ಕೆಲಸ ನಿಲ್ಲಿಸಿದ್ದು ಹಸಿರೋ ಕಂದೋ ಆಗಿರತ್ತೆ. ಒಬ್ಳು ಹುಡುಗಿ ಒಂದೇ ಗಿಡದಲ್ಲಿ ಎರಡೂ ಬಣ್ಣ ಯಾಕಿದೆ ಅಂತ ಕೇಳಿದ್ಲು, ಉತ್ತರ ಹೇಳದೆ ಗಂಟುಗಳನ್ನ ಬೇರಿನ ಮೇಲಿಂದ ಕೆಳಗೆ ಸಾಲಾಗಿ ಜೋಡಿಸೋಕೆ ಹೇಳಿದೆ. ಅದನ್ನೇ ಬರೆದೆ, ಅಷ್ಟೇ. ಈ ಒಂದು ಪ್ಯಾರಾ ಬಗ್ಗೆ ಇಂಟರ್‌ವ್ಯೂಲಿ ಇಬ್ರು ಕೇಳಿದ್ರು.

ಮೊದಲ ವಾರ ಅಂಕಿಅಂಶ ತೋರಿಸಿದ್ರು, ಅದನ್ನೂ ನಾನು ಒಳ್ಳೇದ್ರಲ್ಲೇ ಸೇರಿಸ್ತೀನಿ. 2022ರಲ್ಲಿ ನೇಚರ್ ಪತ್ರಿಕೇಲಿ ಬಂದ ಸ್ಟಡಿ ಪ್ರಕಾರ ಅಮೆರಿಕದಲ್ಲೇ ಪಿಎಚ್‌ಡಿ ಮಾಡಿ ಅಲ್ಲೇ ಫ್ಯಾಕಲ್ಟಿ ಆದೋರಲ್ಲಿ ಶೇಕಡಾ 80ರಷ್ಟು ಮಂದಿ ಬಂದಿರೋದು ಶೇಕಡಾ 20ರಷ್ಟು ವಿಶ್ವವಿದ್ಯಾಲಯಗಳಿಂದ. ಬ್ಯಾಚಲ್ಲಿ ಕೆಲವ್ರ ಮುಖ ಬಾಡಿತು, ಆದ್ರೆ ನಂಗೆ ಆಮೇಲೆ ಅದೇ ಧೈರ್ಯ ಕೊಡ್ತು, ಕಳಿಸಿದ ಅರ್ಜಿಗಳಲ್ಲಿ ಅರ್ಧಕ್ಕರ್ಧ ಉತ್ತರವೇ ಬರದೆ ಹೋದಾಗ ನನ್ನ ಕೆಲಸಾನೇ ಸರಿ ಇಲ್ಲ ಅಂತ ಕುಗ್ಗಲಿಲ್ಲ.

ಈಗ ಬೇಜಾರಾದ ವಿಷ್ಯ. ಇಡೀ ಕೋರ್ಸ್ ದೊಡ್ಡ ರಿಸರ್ಚ್ ಯೂನಿವರ್ಸಿಟಿ ಒಂದನ್ನೇ ಮನಸ್ಸಲ್ಲಿಟ್ಕೊಂಡು ಮಾಡಿದಾರೆ. ಈ ಥರದ ತರಬೇತಿ ಹೊಸದೇನಲ್ಲ, ಅಮೆರಿಕದಲ್ಲಿ 1993ರಲ್ಲೇ ಪ್ರಿಪೇರಿಂಗ್ ಫ್ಯೂಚರ್ ಫ್ಯಾಕಲ್ಟಿ ಅಂತ ಶುರುವಾಗಿತ್ತು, ಅದ್ರ ಜೀವಾಳವೇ ಪಿಎಚ್‌ಡಿ ಮಾಡ್ತಿರೋರನ್ನ ಬೇರೆ ಬೇರೆ ತರದ ಕಾಲೇಜುಗಳ ಜೊತೆ ಒಡನಾಟಕ್ಕೆ ಬಿಡೋದು, ಅಲ್ಲಿ ಪಾಠ, ಸಂಶೋಧನೆ, ಕಮಿಟಿ ಕೆಲಸ ಹೇಗೆ ಹಂಚಿರತ್ತೆ ಅಂತ ಕಣ್ಣಾರೆ ನೋಡೋ ಹಾಗೆ. ಅಷ್ಟು ಹಳೇ ಐಡಿಯಾ ಇದ್ರೂ ಇಲ್ಲಿ ಪಾಠಕ್ಕೇ ಹೆಚ್ಚು ಒತ್ತು ಕೊಡೋ ಕಾಲೇಜಿನ ಬಗ್ಗೆ ಒಂದು ಸೆಷನ್ ಇಲ್ಲ, ನಂಗೆ ಕೆಲಸ ಸಿಕ್ಕಿದ್ದು ಅಂಥದ್ದೇ ಜಾಗದಲ್ಲಿ. ಬ್ಯಾಚಲ್ಲಿ ಇತಿಹಾಸದವ್ರು ಇಬ್ರಿದ್ರು, ಅವ್ರ ಫೀಲ್ಡಲ್ಲಿ ಥೀಸಿಸ್ಸನ್ನ ಪುಸ್ತಕ ಮಾಡೋದೇ ದೊಡ್ಡ ಕೆಲಸ, ಅದ್ರ ಬಗ್ಗೆ ಕೇಳಿದಾಗಲೆಲ್ಲ ಮುಂದಿನ ವಾರ ನೋಡೋಣ ಅಂತ ಹೇಳಿ ಹತ್ತು ವಾರ ಕಳೆದೇಹೋಯ್ತು, ಇದು ನಂಗೆ ನಿಜವಾಗ್ಲೂ ಅನ್ಯಾಯ ಅನ್ನಿಸ್ತು.

ರೆಕಮೆಂಡೇಶನ್ ಲೆಟರ್ ಬಗ್ಗೆ ಬರೀ ಹದಿನೈದು ನಿಮಿಷ. ಕೊನೇ ದಿನಾಂಕಕ್ಕೆ ಒಂದೂವರೆ ತಿಂಗಳ ಮುಂಚೆನೇ ಕೇಳಿ, ಸಿವಿ ಮತ್ತೆ ರಿಸರ್ಚ್ ಪ್ಲಾನ್ ಜೊತೆಗೆ ಕಳಿಸಿ, ಯಾವ ವಿಷ್ಯ ಒತ್ತಿ ಹೇಳ್ಬೇಕು ಅಂತ ತಿಳಿಸಿ, ಇಷ್ಟು ಹೇಳಿ ಮುಗಿಸಿದ್ರು. ಗೈಡ್ ಜೊತೆ ಸಂಬಂಧ ಕೆಟ್ಟಿದ್ರೆ ಏನು ಮಾಡೋದು ಅಂತ ಒಬ್ರು ಕೇಳಿದ್ರು, ಸರಿಯಾದ ಉತ್ತರ ಸಿಗ್ಲಿಲ್ಲ.

ಆಫರ್ ಬಂದ ಮೇಲೆ ಮಾತಾಡೋದು ಹೇಗೆ ಅನ್ನೋ ಸೆಷನ್ ಸುಮಾರು, ಆದ್ರೆ ಹೊಸ ಲ್ಯಾಬ್‌ಗೆ ಏನೇನು ಕೇಳ್ಬೇಕು ಅಂತ ಅವ್ರು ಕೊಟ್ಟ ಪಟ್ಟಿಯ ಶೀಟ್ ಮಾತ್ರ ಬಂಗಾರ. ಮೈನಸ್ 80 ಡಿಗ್ರಿ ಫ್ರೀಜರ್ ಕೇಳೋದು ಎಲ್ರಿಗೂ ನೆನಪಿರತ್ತೆ, ಅದ್ರ ರಿಪೇರಿ ಕಾಂಟ್ರಾಕ್ಟ್, ಗಿಡ ಬೆಳೆಸೋ ಕೋಣೆಗೆ (ಗ್ರೋತ್ ಚೇಂಬರ್) ಬೇಕಾದ ಬೇರೆ ಕರೆಂಟ್ ಲೈನ್, ಮೊದಲ ವರ್ಷ ಒಂದು ಕೋರ್ಸ್ ಕಮ್ಮಿ ಕೊಡಿ ಅಂತ ಕೇಳೋದು, ಇವೆಲ್ಲ ನಂಗೆ ಹೊಳೆದೇ ಇರ್ಲಿಲ್ಲ. ಬಾಯಿಮಾತಲ್ಲಿ ಒಪ್ಪಿದ್ದೆಲ್ಲ ಆಫರ್ ಲೆಟರ್‌ನಲ್ಲಿ ಬರೋ ಹಾಗೆ ನೋಡ್ಕೊಳ್ಳಿ ಅಂತಲೂ ಆ ಶೀಟಲ್ಲೇ ಇತ್ತು, ನಾನು ಹಾಗೇ ಮಾಡ್ದೆ, ಡೀನ್ ಬದ್ಲಾದ್ರೂ ತೊಂದ್ರೆ ಆಗ್ಲಿಲ್ಲ.

ಕೆಲಸಕ್ಕೆ ಸೇರಿದ ಮೇಲೂ ಮೆಂಟರ್ ಜೊತೆ ಒಂದು ಕಾಲ್ ಇರತ್ತೆ, ಅದನ್ನ ದಯವಿಟ್ಟು ಬಿಡ್ಬೇಡಿ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಗಂಟೆ ಲೆಕ್ಚರ್‌ಗೆ ಇಡೀ ದಿನ ತಯಾರಿ ಮಾಡ್ತಿದ್ದೆ, ರಾತ್ರಿ ಹನ್ನೊಂದಕ್ಕೆ ಸ್ಲೈಡ್ ತಿದ್ದೋದು, ಪೇಪರ್ ಡ್ರಾಫ್ಟ್ ಮೂರು ತಿಂಗಳು ಮುಟ್ಟೇ ಇರ್ಲಿಲ್ಲ. ಮೇಡಂ ನನ್ನ ವಾರದ ಕ್ಯಾಲೆಂಡರ್ ತೆರೆಸಿ, ಬರೆಯೋ ಸಮಯ ಎಲ್ಲಿದೆ ತೋರ್ಸಿ ಅಂದ್ರು. ಇರ್ಲಿಲ್ಲ. ಬೆಳಗ್ಗೆ 8ರಿಂದ 9, ವಾರಕ್ಕೆ ನಾಲ್ಕು ದಿನ, ಕ್ಲಾಸ್ ಥರನೇ ಕ್ಯಾಲೆಂಡರ್‌ನಲ್ಲಿ ಹಾಕಿಸಿ ಬಾಗಿಲು ಮುಚ್ಚಿ ಬರೀರಿ ಅಂದ್ರು. ಆ ಡ್ರಾಫ್ಟ್ ಕಳೆದ ತಿಂಗಳು ಜರ್ನಲ್‌ಗೆ ಕಳಿಸಿದೆ.

ಸೇರೋರು ಕೊನೇ ತಿಂಗಳವರೆಗೆ ಕಾಯ್ಬೇಡಿ, ಥೀಸಿಸ್‌ಗೆ ಒಂದು ವರ್ಷ ಇರುವಾಗ್ಲೇ ಸೇರಿ, ಇಲ್ಲಾಂದ್ರೆ ಪ್ಲಾನ್ ಬದಲಾಯಿಸೋಕೆ ಟೈಮೇ ಇರಲ್ಲ. ಹ್ಯುಮ್ಯಾನಿಟೀಸ್‌ನವ್ರು ನಿಮ್ಮ ಫೀಲ್ಡಿನ ಮೆಂಟರ್ ಇದಾರಾ ಅಂತ ಮೊದ್ಲೇ ಮೇಲ್ ಹಾಕಿ ಕೇಳಿ. ಚಾಕ್ ಟಾಕ್ ಸ್ಲಾಟ್ ಒಬ್ರಿಗೆ ಎರಡೇ, ಮೊದಲ ವಾರನೇ ತುಂಬಿಹೋಗತ್ತೆ, ಲಾಗಿನ್ ಆದ ತಕ್ಷಣ ಬುಕ್ ಮಾಡಿ, ಎರಡರ ಮಧ್ಯೆ ಕನಿಷ್ಠ ಎರಡು ವಾರ ಗ್ಯಾಪ್ ಇಟ್ಕೊಳ್ಳಿ.